ಟೀಪಾಯಿ ಮೇಲಿನ ಬಿಳಿ ಬಟ್ಟೆ

ಮನೆಗೊಂದು ಟೀಪಾಯಿ ಬೇಕೇ ಬೇಕು ಅಂತ ಹಠ ಹಿಡಿದವಳು ಮಗಳು. ಈಗೇನು ಅಂಥ ಅವಸರ ಅಂದವಳು ನಾನು. ಏನಾದರೂ ತಂದು ಹಾಕಿ, ನನ್ನ ತಲೆ ತಿನ್ನಬೇಡಿ ಅಂದವರು ನನ್ನ ಗಂಡ. ಕೊನೆಗೆ ಅದನ್ನು ಆರಿಸಿದವರು ಮಾತ್ರ ಮಾವ. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷದಲ್ಲಿ ಇದು ಬೇಕು, ಅದು ಬೇಡ ಅಂತ ಮಾವ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಊಟಕ್ಕೆ ಉಪ್ಪು ಹೆಚ್ಚಾದರೂ ಎರಡು ಲೋಟ ನೀರು ಕುಡಿದು ಎದ್ದುಹೋಗುವ ಮನುಷ್ಯ.

ಅದುವರೆಗೆ ನಮ್ಮ ಮುಂದಿನ ಕೋಣೆಯಲ್ಲಿ ಇದ್ದದ್ದು ಅತ್ತೆಯ ಕಾಲದ ತಗಡಿನ ಪೆಟ್ಟಿಗೆ. ಕೆನೆ ಬಣ್ಣ ಬಳಿದದ್ದು. ಅದರ ಮೇಲೇ ಕಾಫಿ, ಅದರ ಮೇಲೇ ಪೇಪರು, ಅದರ ಮೇಲೇ ನನ್ನ ಗಂಡನ ಕಾಲು. ಅತ್ತೆ ಹೋಗಿ ಆರು ವರ್ಷವಾದರೂ ಅದನ್ನು ಅತ್ತ ಸರಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಈ ವರ್ಷ ಅದರ ಒಂದು ಮೂಲೆ ತುಕ್ಕು ಹಿಡಿದು ಬಾಯಿಬಿಟ್ಟಿತು. ಮಾವ ಎರಡು ಸಲ ಅದಕ್ಕೆ ಕಾಲು ತಗುಲಿಸಿಕೊಂಡು ಮೊಣಕಾಲಿನ ಕೆಳಗೆ ಗೀರಿಕೊಂಡರು. ಎರಡನೇ ಸಲ ರಕ್ತ ಬಂತು. ಎಲ್ಲಿ ನೋಡಿಕೊಂಡು ನಡೀತೀರಿ ಮಾವ ಅಂತ ನಾನೇ ಬೈದೆ, ನಾನೇ ಪಟ್ಟಿ ಕಟ್ಟಿದೆ. ಮಗಳಿಗೆ ಅಷ್ಟೇ ಸಾಕಾಯಿತು. ಅವಳನ್ನು ನಾವು ವಕೀಲೆ ಅಂತಲೇ ಕರೆಯುವುದು. ಕಾಲೇಜಿನಲ್ಲಿ ಓದುತ್ತಿರುವುದು ಲೆಕ್ಕಶಾಸ್ತ್ರವಾದರೂ ಮನೆಯಲ್ಲಿ ಮಾಡುವುದು ವಾದ. ತಾತನ ಕಾಲಿನ ಗಾಯ ತೋರಿಸಿ ತೋರಿಸಿ, ಒಂದು ವಾರದಲ್ಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹತ್ತಿಸಿದಳು.

ಭಾನುವಾರ ನಾಲ್ವರೂ ಹೊರಟೆವು. ಮಾರುಕಟ್ಟೆಯ ಹಿಂದೆ, ಮುಚ್ಚಿಹೋದ ಗಿರಣಿಯ ಗೋದಾಮಿನಲ್ಲಿ, ಹಳೇ ಕುರ್ಚಿ ಮೇಜು ಮಾರುವ ಅಂಗಡಿ. ಬೇರೆ ಗಿರಾಕಿಗಳಿರಲಿಲ್ಲ. ಅಂಗಡಿಯವನು ಖುಷಿಯಾಗಿ ಎಲ್ಲರಿಗೂ ಕಾಫಿ ತರಿಸಿದ, ಬಿಳಿ ಪಿಂಗಾಣಿ ಕಪ್‌ಗಳಲ್ಲಿ. ನನ್ನ ಕಣ್ಣು ಜೇನು ಬಣ್ಣದ ಒಂದು ಟೀಪಾಯಿ ಮೇಲೆ ಬಿತ್ತು. ಧೂಳು ಕೂತರೂ ಗೊತ್ತಾಗದಂಥ ಬಣ್ಣ, ಮೈಮುರಿದು ದುಡಿಯುವ ಹೆಂಗಸಿಗೆ ಹೇಳಿಮಾಡಿಸಿದ್ದು. ವಕೀಲೆ ಗಾಜಿನದು ಬೇಕು ಅಂದಳು. ನನ್ನ ಗಂಡ ಬಾಗಿಲ ಹತ್ತಿರ ಒಂದು ಆರಾಮಕುರ್ಚಿ ಹಿಡಿದು ಕಣ್ಣು ಮುಚ್ಚಿಕೊಂಡರು. ಅವರು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು. ನಸುಕಿಗೇ ಹೋಗಿ ಮಧ್ಯಾಹ್ನಕ್ಕೆ ಬರುತ್ತಾರೆ, ಕೂತಲ್ಲೇ ನಿದ್ದೆ.

ಮಾವ ಮಾತ್ರ ಕಪ್ ಹಿಡಿದುಕೊಂಡು ಸಾಲಿನುದ್ದಕ್ಕೂ ನಿಧಾನ ನಡೆದರು. ಒಂದೊಂದು ಟೀಪಾಯಿಯ ಮುಂದೆಯೂ ನಿಂತು, ಬಗ್ಗಿ, ಕಪ್ ಅದರ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಕಪ್ ತೆಗೆದುಕೊಂಡು ಮುಂದಕ್ಕೆ. ಕಾಲು ಅಲ್ಲಾಡುತ್ತದೋ ಏನೋ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕೊನೆಯಲ್ಲಿ ಒಂದು ಕರೀ ಟೀಪಾಯಿ ಇತ್ತು. ಇದ್ದಿಲಿನ ಹಾಗೆ ಕಪ್ಪು, ಮೇಲೆ ಕನ್ನಡಿಯಂಥ ಹೊಳಪು. ಅದರ ಮೇಲೆ ಕಪ್ ಇಟ್ಟವರು ತೆಗೆಯಲೇ ಇಲ್ಲ.

"ಇದು," ಅಂದರು.

"ಕರೀದನ್ನ ಯಾರಾದ್ರೂ ಮನೆಗೆ ತರ್ತಾರಾ ಮಾವ? ಒಂದು ಕೂದಲೆಳೆ ಬಿದ್ರೂ ಕಾಣುತ್ತೆ."

"ಕಾಣ್ಲಿ ಬಿಡಮ್ಮ. ಕಾಣೋದೇ ಬೇಕು."

"ಒರೆಸೋರು ಯಾರು?"

"ನಾನು."

ಅಂಗಡಿಯವನು ಈ ಬಣ್ಣ ಯಾರಿಗೂ ಬೇಡವಾಗಿ ಒಂದು ವರ್ಷದಿಂದ ಕೂತಿದೆ ಅಂತ ಬಾಯಿ ತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡ. ಜೋಪಾನ ಮಾಡುವ ಬಗೆಯನ್ನೂ ಅವನೇ ಹೇಳಿಕೊಟ್ಟ. ಒಣ ಮೆತ್ತನೆ ಬಟ್ಟೆಯಲ್ಲಿ ದಿನಾ ಒರೆಸಬೇಕು. ಒದ್ದೆ ಮಾಡಬಾರದು. ಬಿಸಿ ಪಾತ್ರೆ ಇಡಲೇಬಾರದು. ತಿಂಗಳಿಗೊಮ್ಮೆ ನಾಲ್ಕು ಹನಿ ಎಣ್ಣೆ ಹಾಕಿ ಉಜ್ಜಬೇಕು. ಮಗು ಸಾಕಿದ ಹಾಗಾಯಿತು ಅಂತ ನಾನು ಗೊಣಗಿದೆ. ಆದರೆ ಮಾವ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಅದಕ್ಕೂ ಇಲ್ಲ ಅನ್ನುವಷ್ಟು ಕಲ್ಲುಮನಸ್ಸು ನನಗಿರಲಿಲ್ಲ.

ನಮ್ಮ ಮನೆಯ ನೆಲ ಬಿಳಿ ಟೈಲಿನದು, ಗೋಡೆಯೂ ಬಿಳಿ. ಆ ಬಿಳುಪಿನ ಮಧ್ಯೆ ಅದನ್ನು ತಂದಿಟ್ಟಾಗ ಕೋಣೆಯ ನಡುವೆ ಯಾರೋ ಗುಂಡಿ ತೋಡಿದ ಹಾಗೆ ಕಾಣಿಸಿತು. ಮಾವ ಅದರ ಸುತ್ತ ಎರಡು ಸುತ್ತು ಬಂದು, ಪಕ್ಕದ ಕುರ್ಚಿಯಲ್ಲಿ ಕೂತು, ಅಂದು ಎರಡು ಸಲ ಕಾಫಿ ಕೇಳಿ ಕುಡಿದರು.

ನನ್ನ ಕೆಲಸ, ಮಾವನ ಕೆಲಸ ಎರಡನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಕಲೆ, ಎಲ್ಲಿ ಹರಿದಿದೆ, ಯಾವ ಗುಂಡಿ ಇಲ್ಲ ಅಂತ ಚೀಟಿಯಲ್ಲಿ ಬರೆಯಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಊರವರ ಕೊಳೆ ಹುಡುಕುವುದು. ಮಾವ ನಲವತ್ತು ವರ್ಷ ಟೈಲರಾಗಿದ್ದವರು. ಸ್ವಂತ ಅಂಗಡಿ ಮುಚ್ಚಿದ ಮೇಲೆ ನಮ್ಮ ಅಂಗಡಿಗೆ ಬರುವ ರಿಪೇರಿ ಬಟ್ಟೆಗಳನ್ನು ನಾನೇ ಮನೆಗೆ ತಂದುಕೊಡುತ್ತಿದ್ದೆ. ಪ್ಯಾಂಟಿನ ಕೆಳಗಿನ ಅಂಚು ಮಡಚಿ ಕೈಹೊಲಿಗೆ ಹಾಕುವುದು, ಜಿಪ್ಪು ಬದಲಿಸುವುದು, ಗುಂಡಿ ಹಚ್ಚುವುದು. ಕಿಟಕಿ ಪಕ್ಕ ಅವರ ಮಿಷನ್ನು. ಮರುದಿನ ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಅವರದು ಒಂದೇ ಪ್ರಶ್ನೆ:

"ಗಿರಾಕಿ ಏನಂದ್ರು?"

"ಏನೂ ಅನ್ಲಿಲ್ಲ ಮಾವ."

ಅವರಿಗೆ ಅಷ್ಟೇ ಬೇಕಾದದ್ದು. ಟೈಲರ ಕೆಲಸಕ್ಕೆ ಹೊಗಳಿಕೆ ಅಂತ ಇರುವುದಿಲ್ಲವಂತೆ. ಹಾಕಿಕೊಂಡವನು ಏನೂ ಅನ್ನದೆ ಹೋದರೆ ಅಳತೆ ಸರಿಯಾಗಿದೆ ಅಂತ ಅರ್ಥವಂತೆ. ಆ ಮಾತು ಕೇಳಿದ ಮೇಲೆಯೇ ಅವರು ಊಟಕ್ಕೆ ಕೂರುವುದು.

ಆದರೆ ನಾಲ್ಕೈದು ತಿಂಗಳಿಂದ ನಾನು ಹೇಳುತ್ತಿದ್ದದ್ದು ಸುಳ್ಳು. ಒಂದು ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಉದ್ದ ಬಂತು. ಕರೀ ಕೋಟಿಗೆ ಕಂದು ದಾರದ ಹೊಲಿಗೆ ಬಿತ್ತು. ಒಬ್ಬ ಗಿರಾಕಿ ಕೌಂಟರಿನ ಮೇಲೆ ಪ್ಯಾಂಟು ಎಸೆದು, ನನ್ನ ಎರಡು ಕಾಲು ಒಂದೇ ಉದ್ದ ಇದೆ ಕಣ್ರೀ ಅಂದ. ಇನ್ನೊಂದು ಸಲ ಹೀಗಾದರೆ ಬೇರೆ ಟೈಲರನ್ನು ನೋಡಿಕೊಳ್ಳುತ್ತೇನೆ ಅಂತ ಮಾಲಕಿ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಅಂದಿನಿಂದ ಮಾವ ಹೊಲಿದ ಒಂದೊಂದು ಬಟ್ಟೆಯನ್ನೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಇಸ್ತ್ರಿ ಮೇಜಿನ ಹಿಂದೆ ಕೂತು, ನಾನೇ ಅಳೆಯುತ್ತಿದ್ದೆ. ತಪ್ಪಿದ್ದರೆ ಬಿಚ್ಚಿ ನಾನೇ ಹೊಲಿಯುತ್ತಿದ್ದೆ. ಬ್ರೆಡ್ಡಿನ ತುಂಡು ಬಾಯಲ್ಲಿ, ಸೂಜಿ ಕೈಯಲ್ಲಿ. ವಯಸ್ಸಾಯಿತು, ಗಮನ ಇಲ್ಲ, ರೇಡಿಯೋ ಕೇಳಿಕೊಂಡು ಹೊಲಿಯುತ್ತಾರೆ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಒಂದು ಸಂಜೆ ತಡೆಯಲಾಗದೆ, ಸ್ವಲ್ಪ ನಿಗಾ ಇಟ್ಟು ಹೊಲೀರಿ ಮಾವ ಅಂದುಬಿಟ್ಟೆ. ಅವರು ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಎದ್ದರು. ನನಗೆ ಕೆಟ್ಟದೆನಿಸಿತು. ಕ್ಷಮೆ ಕೇಳುವಷ್ಟು ತ್ರಾಣ ಇರಲಿಲ್ಲ, ಪಾತ್ರೆ ತೊಳೆಯಲು ಹೋದೆ.

ಟೀಪಾಯಿಯ ಸೇವೆ ಮಾತ್ರ ತಪ್ಪದೆ ನಡೆಯಿತು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದ ಕೂಡಲೇ ಮಾವ ತಮ್ಮ ಹಳೇ ಬನಿಯನ್ನಿನ ತುಂಡು ಹಿಡಿದು ಒರೆಸುತ್ತಿದ್ದರು. ಅಂಗೈ ಅಗಲಿಸಿ, ಒಂದು ತುದಿಯಿಂದ ಇನ್ನೊಂದಕ್ಕೆ, ಬಟ್ಟೆ ಕತ್ತರಿಸುವ ಮುಂಚೆ ಸುಕ್ಕು ತೆಗೆಯುವ ಹಾಗೆ. ಆದರೂ ಆಚೆ ಮೂಲೆಯಲ್ಲಿ ಧೂಳು ಹಾಗೇ ಉಳಿಯುತ್ತಿತ್ತು, ನಡುವೆ ಗೀರು ಗೀರು. ಅವರು ಮಿಷನ್ನಿಗೆ ಹೋದ ಮೇಲೆ ನಾನು ಸದ್ದಿಲ್ಲದೆ ಇನ್ನೊಂದು ಸಲ ಒರೆಸುತ್ತಿದ್ದೆ. ಅವರ ಹೊಲಿಗೆಯ ಮೇಲೆ ನನ್ನ ಹೊಲಿಗೆ, ಅವರು ಒರೆಸಿದ್ದರ ಮೇಲೆ ನಾನು ಒರೆಸುವುದು. ಒಂದು ಕೆಲಸಕ್ಕೆ ಇಬ್ಬರು ಸವೆಯುತ್ತಿದ್ದೇವಲ್ಲ ಅಂತ ಸುಸ್ತಾಗುತ್ತಿತ್ತು.

ಮನೆಯವರಿಗೆಲ್ಲ ನಾನು ಕಾನೂನು ಮಾಡಿದೆ. ಕಾಲು ಇಡಬೇಡಿ, ಕೀಲಿಕೈ ಎಸೆಯಬೇಡಿ, ಒದ್ದೆ ಲೋಟದ ಕೆಳಗೆ ಬಟ್ಟೆ ಹಾಕಿ. ಅದಕ್ಕಂತ ಮಾವ ಪ್ಯಾಂಟು ಕತ್ತರಿಸಿ ಉಳಿದ ತುಂಡುಗಳಲ್ಲಿ ಆರು ದುಂಡನೆ ಬಿಲ್ಲೆ ಹೊಲಿದರು, ಎಲ್ಲವೂ ತೆಳು ಬಣ್ಣದವು. ನಾವು ಟೀಪಾಯಿ ಮನೇಲಿ ಬಾಡಿಗೆಗೆ ಇದ್ದೀವಾ ಅಂತ ನನ್ನ ಗಂಡ ಕೇಳಿದರು. ಕೇಳಿದ ಮರುವಾರವೇ, ಮಧ್ಯಾಹ್ನ ಒಬ್ಬರೇ ಮೊಟ್ಟೆ ಕರಿದುಕೊಂಡು, ಒಲೆಯಿಂದ ಇಳಿಸಿದ ಬಾಣಲೆಯನ್ನು ತಂದು ನೇರ ಅದರ ಮೇಲೆ ಕುಕ್ಕಿದರು.

ಸಂಜೆ ನಾನು ಬಂದು ನೋಡುತ್ತೇನೆ, ನಟ್ಟನಡುವೆ ಬಳೆಯ ಹಾಗೆ ಬಿಳಿ ಉಂಗುರ. ಅಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬೇಕರಿಯಲ್ಲಿ ತಟ್ಟೆ ಇಡಲು ಜಾಗ ಗೊತ್ತಿದೆ, ಮನೆಯಲ್ಲಿ ಮಾತ್ರ ಗೊತ್ತಿಲ್ಲವಾ ಅನ್ನುವುದರಿಂದ ಶುರುವಾಗಿ, ಮದುವೆಯ ಹೊಸತರಲ್ಲಿ ಅವರು ಕಳೆದುಹಾಕಿದ ನನ್ನ ಛತ್ರಿಯವರೆಗೆ ಹೋಯಿತು. ಮಾವ ಮಾತ್ರ ಆ ಉಂಗುರದ ಮೇಲೆ ಬಗ್ಗಿ, ಬೆರಳಾಡಿಸಿ, "ಇರ್ಲಿ ಬಿಡಮ್ಮ, ಚೆನ್ನಾಗೇ ಇದೆ," ಅಂದರು. ನನಗೆ ಇನ್ನೂ ರೇಗಿತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಆರು ತಿಂಗಳಾದರೂ ಯಾರೂ ತೆಗೆದುಕೊಂಡು ಹೋಗದ ಬಟ್ಟೆಗಳನ್ನು ಕೆಲಸದವರು ಹಂಚಿಕೊಳ್ಳಬಹುದು. ಆ ಬುಧವಾರ ನನ್ನ ಪಾಲಿಗೆ ಒಂದು ಬಿಳಿ ಮೇಜುಹಾಸು ಬಂತು. ಅಂಚಿಗೆಲ್ಲ ಬಿಳಿ ದಾರದ ಕಸೂತಿ, ಒಂದು ಕಲೆ ಇಲ್ಲ. ತಂದು ಟೀಪಾಯಿಗೆ ಹಾಸಿದೆ. ಉಂಗುರ ಮುಚ್ಚಿತು, ಧೂಳೂ ಮುಚ್ಚಿತು, ಒರೆಸುವ ಕೆಲಸವೂ ತಪ್ಪಿತು. ಸದ್ಯ, ಒಂದು ಕಾಟ ಕಳೆಯಿತು ಅಂತ ಉಸಿರುಬಿಟ್ಟೆ.

"ಈ ಬಟ್ಟೆ ಬೇಕಾ ಅಮ್ಮ?" ಅಂದರು ಮಾವ, ಬೆಳಿಗ್ಗೆ ಬನಿಯನ್ನಿನ ತುಂಡು ಕೈಯಲ್ಲಿ ಹಿಡಿದುಕೊಂಡು.

"ಅಂದವಾಗಿಲ್ವಾ ಮಾವ?"

"ಅಂದವಾಗಿದೆ. ಆದ್ರೂ ತೆಗೆದುಬಿಟ್ರೆ ಆಗ್ತಿತ್ತು."

"ಇನ್ನೊಂದು ಬಾಣಲೆ ಬೀಳೋದು ಬೇಡ. ಇರ್ಲಿ."

ಅವರು ಮತ್ತೆ ಕೇಳಲಿಲ್ಲ. ಆದರೆ ಆಮೇಲೆ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಎರಡು ಕೈಯಲ್ಲಿ ಕಪ್ ಹಿಡಿದು, ಒಂದೇ ಸಲಕ್ಕೆ ಕಾಫಿ ಮುಗಿಸಿ, ಕಪ್ಪನ್ನು ನನ್ನ ಕೈಗೇ ಕೊಡುತ್ತಿದ್ದರು. ಮುನಿಸಿಕೊಂಡಿದ್ದಾರೆ ಅಂದುಕೊಂಡೆ. ಎಪ್ಪತ್ತೆರಡು ವಯಸ್ಸಿನವರು ಒಂದು ಮೇಜುಹಾಸಿಗೆ ಮುನಿಸಿಕೊಂಡರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ನಾಲ್ಕನೇ ದಿನ, ಭಾನುವಾರ, ಎಲ್ಲರೂ ಮನೆಯಲ್ಲಿದ್ದೆವು. ನಾನೇ ಬಲವಂತ ಮಾಡಿದೆ. ನಿಂತುಕೊಂಡು ಕುಡಿಯೋದೇನು ಮಾವ, ಬಂದು ಎಲ್ಲರ ಜೊತೆ ಕೂತ್ಕೊಳ್ಳಿ ಅಂತ ಕೈ ಹಿಡಿದು ಕರೆತಂದು ಕೂರಿಸಿ, ಬಿಸಿ ಕಾಫಿ ಕೈಗೆ ಕೊಟ್ಟೆ.

ಅವರು ಒಂದು ಗುಟುಕು ಕುಡಿದು, ಕಪ್ಪನ್ನು ಟೀಪಾಯಿ ಮೇಲಿಡಲು ಕೈ ಚಾಚಿದರು. ಟೀಪಾಯಿ ಅಲ್ಲಿರಲಿಲ್ಲ, ಒಂದು ಗೇಣು ಆಚೆ ಇತ್ತು. ಬರೀ ಗಾಳಿಯಲ್ಲಿ ಕಪ್ ಇಟ್ಟು ಕೈಬಿಟ್ಟರು. ಅಷ್ಟು ಬಿಸಿ ಕಾಫಿ ಅವರ ಪಾದದ ಮೇಲೆ, ಉಳಿದದ್ದು ಹಾರಿ ಮೇಜುಹಾಸಿನ ಕಸೂತಿಯ ಮೇಲೆ.

ನಾನು ಮೊದಲು ನೋಡಿದ್ದು ಕಸೂತಿಯ ಮೇಲಿನ ಕಲೆಯನ್ನು. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಅಯ್ಯೋ ಬಟ್ಟೆ ಅಂತ ಬಾಯಿಂದ ಬಂತು, ಕೈ ಅದನ್ನು ಎಳೆದುಕೊಳ್ಳಲು ಹೋಯಿತು.

"ಅಮ್ಮ, ಮೊದಲು ತಾತನ ಕಾಲು ನೋಡು," ಅಂದಳು ವಕೀಲೆ.

ಪಾದ ಕೆಂಪಾಗಿ ಊದುತ್ತಿತ್ತು. ಮಗಳು ಬಕೆಟ್ಟಿನಲ್ಲಿ ತಣ್ಣೀರು ತಂದು ಕಾಲು ಅದ್ದಿಸಿದಳು. ನನಗೆ ನೋವಿಲ್ಲ, ನನಗೇನೂ ಆಗಿಲ್ಲ ಅಂತ ಮಾವ ಹೇಳುತ್ತಲೇ ಇದ್ದರು. ಹೇಳುತ್ತಿದ್ದದ್ದು ನನ್ನ ಕಡೆ ತಿರುಗಿ ಅಲ್ಲ, ನಾನು ಒಂದು ಕ್ಷಣದ ಮುಂಚೆ ನಿಂತಿದ್ದ ಕಡೆಗೆ. ನಾನು ಆಗಲೇ ಅವರ ಬಲಕ್ಕೆ ಬಂದು ಕೂತಿದ್ದೆ.

"ಮಾವನಿಗೆ ಏನಾಗಿದೆ?" ಅಂತ ನನ್ನ ಗಂಡನನ್ನು ಕೇಳಿದೆ.

ಅವರು ಆ ಬಿಳಿ ಬಟ್ಟೆಯನ್ನು ಒಂದೇ ಏಟಿಗೆ ಎಳೆದು ಮೂಲೆಗೆ ಎಸೆದರು. "ಕಾಣಲ್ಲ ಕಣೇ ಅವರಿಗೆ. ಬಿಳಿ ನೆಲದ ಮೇಲೆ ಬಿಳಿ ಬಟ್ಟೆ ಹಾಸಿದ್ರೆ ಎಲ್ಲಿಂದ ಕಾಣ್ಬೇಕು?"

ಆಮೇಲೆ ಒಂದೊಂದಾಗಿ ಹೊರಬಂತು. ಎಂಟು ತಿಂಗಳಿಂದ ಮಾವನ ಕಣ್ಣಿಗೆ ಮಂಜು ಕವಿಯುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಸೂಜಿ ಪೋಣಿಸಲು ಆಗದಿದ್ದಾಗ ಮಗನನ್ನು ಕರೆದು ಹೇಳಿದ್ದರು. ಅಂದಿನಿಂದ ನನ್ನ ಗಂಡ ದಿನಾ ಮಧ್ಯಾಹ್ನ ಬೇಕರಿಯಿಂದ ಬಂದು, ಒಲೆಯ ಬಿಸಿಗೆ ದಪ್ಪಗಾದ ಆ ಬೆರಳುಗಳಲ್ಲಿ, ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ, ಬಣ್ಣದ ಪ್ರಕಾರ ಸೂಜಿಮೆತ್ತೆಗೆ ಸಾಲಾಗಿ ಚುಚ್ಚಿಟ್ಟು ಮಲಗುತ್ತಿದ್ದರು. ನಾನು ಸಂಜೆ ಆರಕ್ಕೆ ಬಂದಾಗ ಅವರು ಗೊರಕೆ ಹೊಡೆಯುತ್ತಿರುತ್ತಿದ್ದರು. ಈ ಮನುಷ್ಯ ಮನೆಯಲ್ಲಿ ಒಂದು ಕಡ್ಡಿ ಎತ್ತಿ ಆಚೆ ಇಡುವುದಿಲ್ಲ ಅಂತ ನಾನು ಎಷ್ಟು ಸಲ ಅಂದಿದ್ದೇನೋ.

"ಎಂಟು ತಿಂಗಳು," ಅಂದೆ. "ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದಕ್ಕಿಂತ ಸೂಜಿ ಪೋಣಿಸೋದು ಸುಲಭ ಆಯ್ತಾ ನಿಮಗೆ?"

"ಡಾಕ್ಟರಿಗೆ ಹೇಳೋದು ಕಷ್ಟ ಇರ್ಲಿಲ್ಲ. ನಿನಗೆ ಹೇಳೋದು ಕಷ್ಟ ಇತ್ತು."

"ನಾನೇನು ಹುಲಿನಾ?"

"ಕೆಲಸ ತರೋಳು ನೀನು. ಗೊತ್ತಾದ್ರೆ ನಿಲ್ಲಿಸ್ತೀಯ ಅಂತ ಅಪ್ಪ ಕೈ ಹಿಡ್ಕೊಂಡು ಕೇಳಿದ್ರು. ಕೆಲಸ ಇಲ್ದಿದ್ರೆ ಈ ಮನೇಲಿ ನಾನು ಏನ್ ಮಾಡ್ಲಿ ಅಂದ್ರು. ನಾನು ಏನು ಹೇಳ್ಬೇಕಿತ್ತು, ನೀನೇ ಹೇಳು."

ಗೊತ್ತಾಗಿದ್ದರೆ ನಾನು ನಿಲ್ಲಿಸುತ್ತಿದ್ದೆ, ಅದು ನಿಜ.

ಮಾವ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಮೆಲ್ಲಗೆ ಹೇಳಿದರು. ಬಿಳಿ ದಾರ ಪೋಣಿಸಬೇಕಾದರೆ ಸೂಜಿಯ ಹಿಂದೆ ಕರೀ ಬಟ್ಟೆ ಹಿಡಿಯಬೇಕು, ಅದನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತಿದ್ದರಂತೆ. ಕಣ್ಣು ಹೋಗುತ್ತಾ ಬಂದಾಗ ಅದೇ ನೆನಪಾಯಿತಂತೆ. ಬಿಳಿ ನೆಲದ ಮೇಲೆ ಕರೀದಿದ್ದರೆ ಎಡವುವುದಿಲ್ಲ, ಅದರ ಮೇಲೆ ಬಿಳಿ ಕಪ್ ಇದ್ದರೆ ತಡಕಾಡುವುದು ಬೇಡ, ಮನೆಯವರಿಗೂ ಗೊತ್ತಾಗುವುದಿಲ್ಲ. "ಇನ್ನೊಂದು ವರ್ಷ ತಳ್ಬಹುದು ಅಂದ್ಕೊಂಡಿದ್ದೆ ಕಣಮ್ಮ," ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೆ ಅಳು ಬಂತು, ಮುಚ್ಚಿಡದೆ ಅತ್ತುಬಿಟ್ಟೆ. ದಿನವಿಡೀ ಬೇರೆಯವರ ಬಟ್ಟೆಯ ಸಾಸಿವೆಕಾಳಿನಷ್ಟು ಕಲೆಯನ್ನು ಹುಡುಕಿ ತೆಗೆಯುವವಳು ನಾನು.

ಕಣ್ಣಾಸ್ಪತ್ರೆಯಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕೂತೆವು. ನನ್ನ ಗಂಡ ಬೇಕರಿಗೆ ರಜೆ ಹಾಕಿ ಬಂದಿದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಸಮಾಧಾನದಿಂದ ಹೇಳಿದಳು. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ. ಎಡಗಣ್ಣು ಹೋದ ಹಾಗೆಯೇ. ಬಲಗಣ್ಣಿನಲ್ಲಿ ನಡುವಿನದು ಅಷ್ಟಿಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆ ಮೂರು ಸಲ ಹನಿ ಹಾಕಬೇಕು, ಒಂದು ಸಲವೂ ತಪ್ಪಿಸಬಾರದು. ಆರೇಳು ತಿಂಗಳು ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಅಂದಳು. ನನ್ನ ಗಂಡ ತಲೆ ತಗ್ಗಿಸಿ ತಮ್ಮ ಬೂಟು ನೋಡುತ್ತಾ ಕೂತರು. ಬೈಯಬೇಕು ಅಂತ ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳು ಒಂದೂ ಹೊರಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಅಪ್ಪನ ಕೈ ಹಿಡಿದುಕೊಂಡಿದ್ದರು, ನಾನು ಔಷಧಿ ಚೀಲ ಹಿಡಿದುಕೊಂಡಿದ್ದೆ.

ಆಮೇಲೆ ಎರಡು ವಾರ ನಾನು ಬಟ್ಟೆ ತರಲಿಲ್ಲ. ಸುಧಾರಿಸಿಕೊಳ್ಳಿ ಮಾವ ಅಂದೆ. ಅವರು ಸರಿಯಮ್ಮ ಅಂದು ಮಿಷನ್ನಿಗೆ ಗವುಸು ಹಾಕಿದರು. ಹೊತ್ತುಹೊತ್ತಿಗೆ ಹನಿ ಬೀಳುತ್ತಿತ್ತು, ಬೆಳಿಗ್ಗೆ ನಾನು, ಮಧ್ಯಾಹ್ನ ನನ್ನ ಗಂಡ, ಸಂಜೆ ವಕೀಲೆ. ಪಾದದ ಗಾಯ ಒಣಗಿತು. ಆದರೆ ಮಾವ ಊಟದಲ್ಲಿ ಅರ್ಧ ಬಿಡತೊಡಗಿದರು. ಬೆಳಿಗ್ಗೆ ಟೀಪಾಯಿ ಒರೆಸಿದ ಮೇಲೆ ಮಾಡಲು ಏನೂ ಇಲ್ಲದೆ ಮತ್ತೆ ಒರೆಸುತ್ತಿದ್ದರು, ಮಧ್ಯಾಹ್ನ ಇನ್ನೊಂದು ಸಲ. ಸಂಜೆ ನಾನು ಚಪ್ಪಲಿ ಬಿಡುವಾಗ ಅಭ್ಯಾಸಬಲದಿಂದ ಮುಖ ಎತ್ತಿ, ಕೇಳಲು ಏನೂ ಇಲ್ಲ ಅಂತ ನೆನಪಾಗಿ, ಸುಮ್ಮನಾಗುತ್ತಿದ್ದರು. ಅದನ್ನು ನೋಡಲು ನನ್ನ ಕೈಲಿ ಆಗಲಿಲ್ಲ.

ವಕೀಲೆ ಒಂದು ಸಂಜೆ ನನ್ನ ಪಕ್ಕ ನಿಂತು ತರಕಾರಿ ಹೆಚ್ಚುತ್ತಾ ಕೇಳಿದಳು.

"ತಾತನ ಕಣ್ಣು ಹೋಗಿದೆ. ಕೈಯೂ ಹೋಗಿದೆಯಾ ಅಮ್ಮ?"

"ತಪ್ಪಾದ್ರೆ ಮಾಲಕಿಗೆ ಉತ್ತರ ಕೊಡೋಳು ನಾನು."

"ಇಷ್ಟು ದಿನ ಯಾರು ಕೊಟ್ಟಿದ್ದು?"

ಮರುದಿನ ಮಾಲಕಿಯ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಳತೆ ಹಾಕುವವಳು ನಾನು, ಗೆರೆ ಎಳೆಯುವವಳು ನಾನು, ಹೊಲಿಗೆ ಮಾತ್ರ ಮಾವನದು, ದೂರು ಬಂದರೆ ನನ್ನದೇ ಹೊಣೆ ಅಂದೆ. ಅವಳು ಬಹಳ ಹೊತ್ತು ಹ್ಯಾಂಗರುಗಳನ್ನು ಜೋಡಿಸುತ್ತಾ ನಿಂತು, ಒಂದೇ ಒಂದು ಅವಕಾಶ ಅಂದಳು. ಜೊತೆಗೆ, ನಮ್ಮ ಗಿರಾಕಿಗಳಲ್ಲೇ ಎಲ್ಲರಿಗಿಂತ ಸಿಡುಕಿನ ಬ್ಯಾಂಕ್ ಮ್ಯಾನೇಜರನ ಕರೀ ಪ್ಯಾಂಟು ತೆಗೆದು ನನ್ನ ಮುಂದೆ ಇಟ್ಟಳು. ಬೇಕೆಂದೇ ಇಟ್ಟಳು.

ಮನೆಗೆ ತಂದು, ಪ್ಯಾಂಟಿನ ಎರಡೂ ಕಾಲಿಗೆ ಬಿಳಿ ಚಾಕಿನಲ್ಲಿ ಬೆರಳು ದಪ್ಪದ ಗೆರೆ ಎಳೆದೆ. ಟೀಪಾಯಿ ಒರೆಸಿ ಅದರ ಮೇಲೆ ಹಾಸಿದೆ. ಮಾವ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

"ಗೆರೆ ಕಾಣುತ್ತೆ," ಅಂದರು. "ಉಳಿದದ್ದು ಬೆರಳಿಗೆ ಗೊತ್ತು."

ಒಂದು ಗಂಟೆಯ ಕೆಲಸ, ಎರಡು ದಿನ ಹಿಡಿಯಿತು. ನನ್ನ ಗಂಡ ಕರೀ ದಾರ ಪೋಣಿಸಿಟ್ಟು, ಇನ್ನು ಕದ್ದುಮುಚ್ಚಿ ಮಾಡಬೇಕಾಗಿಲ್ಲವಾದ್ದರಿಂದ, ಪಕ್ಕದಲ್ಲೇ ಕುರ್ಚಿಯಲ್ಲಿ ಗೊರಕೆ ಹೊಡೆದರು. ಮೂರನೇ ದಿನ ಮಧ್ಯಾಹ್ನ ಇಸ್ತ್ರಿ ಮೇಜಿನ ಹಿಂದೆ ಕೂತು ನಾನು ಅಳತೆ ಟೇಪು ತೆಗೆದೆ. ಬಲಗಾಲು ಸರಿ. ಎಡಗಾಲು ಒಂದು ದಾರದಷ್ಟು ಉದ್ದ. ನಾಲ್ಕು ಸಲ ಅಳೆದೆ, ನಾಲ್ಕು ಸಲವೂ ಅಷ್ಟೇ. ಸೂಜಿ ನನ್ನ ಸೆರಗಿನಲ್ಲೇ ಇತ್ತು. ಬಿಚ್ಚಿ ಹೊಲಿಯಲು ಹದಿನೈದು ನಿಮಿಷ ಸಾಕು, ಇಷ್ಟು ತಿಂಗಳು ಮಾಡಿದ್ದೂ ಅದನ್ನೇ. ಸೂಜಿ ತೆಗೆದೆ. ಮತ್ತೆ ಸೆರಗಿಗೇ ಚುಚ್ಚಿದೆ. ಪ್ಯಾಂಟನ್ನು ಹ್ಯಾಂಗರಿಗೆ ಹಾಕಿ ಇಸ್ತ್ರಿಗೆ ಕೊಟ್ಟುಬಿಟ್ಟೆ.

ಐದು ಗಂಟೆಗೆ ಮ್ಯಾನೇಜರ್ ಬಂದ. ಒಳಗಿನ ಪರದೆಯ ಹಿಂದೆ ಹಾಕಿಕೊಂಡು ನೋಡಿದ. ಕನ್ನಡಿಯ ಮುಂದೆ ಆ ಕಡೆ ತಿರುಗಿದ, ಈ ಕಡೆ ತಿರುಗಿದ, ಬಗ್ಗಿ ಅಂಚು ಮುಟ್ಟಿದ. ಮಾಲಕಿ ಲೆಕ್ಕದ ಪುಸ್ತಕದಿಂದ ತಲೆ ಎತ್ತಿ ನೋಡುತ್ತಿದ್ದಳು. ಅವನು ಪ್ಯಾಂಟು ಬದಲಿಸಿ, ಚೀಲಕ್ಕೆ ಹಾಕಿಸಿಕೊಂಡು, ಮಳೆ ಬರುವ ಹಾಗಿದೆ ಅಂತ ಹೇಳಿ ಹೊರಟುಹೋದ.

ಅಂದು ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ನಡೆದೇ ಬಂದೆ. ಮನೆಗೆ ಬಂದಾಗ ಮಾವ ಟೀಪಾಯಿಯ ಪಕ್ಕದ ಕುರ್ಚಿಯಲ್ಲಿದ್ದರು. ಕೈಯಲ್ಲಿ ಬಿಳಿ ಕಪ್. ಚಪ್ಪಲಿ ಬಿಡುತ್ತಿದ್ದೆ.

"ಗಿರಾಕಿ ಏನಂದ್ರು?"

"ಏನೂ ಅನ್ಲಿಲ್ಲ ಮಾವ."

ಅವರು ಕಪ್ಪಿನ ಅಂಚಿನ ಮೇಲೆ ಬೆರಳಾಡಿಸಿದರು.

"ಎಡಗಾಲು ಒಂದು ದಾರ ಉದ್ದ ಬಂದಿತ್ತು ಕಣಮ್ಮ. ಕೊಟ್ಟ ಮೇಲೆ ಬೆರಳಿಗೆ ನೆನಪಾಯ್ತು. ಹೆಂಗೂ ನೀನು ಬಿಚ್ಚಿ ಹೊಲೀತೀಯ ಅಂತ ಸುಮ್ನಾದೆ."

"ನಾನು ಬಿಚ್ಚೋದು ನಿಮಗೆ ಗೊತ್ತಿತ್ತಾ?"

"ಒಂದು ಪ್ಯಾಂಟು ಜಿಪ್ಪಿಗೆ ಅಂತ ವಾಪಸ್ ಬಂದಿತ್ತಲ್ಲ, ಬೇಸಿಗೇಲಿ. ಅಂಚು ಮುಟ್ಟಿ ನೋಡಿದೆ. ನಿನ್ನ ಗಂಟು ದಪ್ಪ."

ಅಷ್ಟು ತಿಂಗಳು, ಪ್ರತಿ ಸಂಜೆ, ನನ್ನ ಸುಳ್ಳು ಕೇಳಿ ಅವರು ಊಟಕ್ಕೆ ಕೂತಿದ್ದರು. ನಾನು ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತೆ.

"ಇದನ್ನ ಬಿಚ್ಚಲಿಲ್ಲ ಮಾವ. ನೀವು ಹೊಲಿದಿದ್ದನ್ನೇ ಕೊಟ್ಟೆ."

"ಹಾಗೇನಾ?"

"ಹಾಗೇ ಕೊಟ್ಟೆ."

"ಏನೂ ಅನ್ಲಿಲ್ವಾ?"

"ಏನೂ ಅನ್ಲಿಲ್ಲ."

ಅಡುಗೆಮನೆಯಿಂದ ನನ್ನ ಗಂಡ ಬ್ರೆಡ್ಡು ಕಾಯಿಸುತ್ತಿದ್ದ ವಾಸನೆ ಬರುತ್ತಿತ್ತು. ಅಂಗಡಿಯಿಂದ ಕಲೆ ತೆಗೆಯುವ ಎಣ್ಣೆಯ ಸೀಸೆಯೊಂದನ್ನು, ಆ ಉಂಗುರಕ್ಕೆ ಅಂತ, ಹಿಂದಿನ ವಾರವೇ ತಂದಿಟ್ಟಿದ್ದೆ. ಮಾವ ಬಗ್ಗಿ, ಕಣ್ಣು ಕಿರಿದು ಮಾಡಿ, ಕರೀ ಟೀಪಾಯಿಯ ನಡುವಿನ ಆ ಬಿಳಿ ಉಂಗುರವನ್ನು ಹುಡುಕಿ, ಕಪ್ಪನ್ನು ಸರಿಯಾಗಿ ಅದರೊಳಗೆ ಇಟ್ಟರು. ಸೀಸೆ ವಾಪಸು ಕೊಡಬೇಕು ಅಂದುಕೊಂಡೆ.

"ನಾಳೆ ಎಷ್ಟಿದೆ?" ಅಂತ ಕೇಳಿದರು ಮಾವ.

"ಮೂರು ಪ್ಯಾಂಟು, ಒಂದು ಜಿಪ್ಪು," ಅಂದು ನಾನು ಅವರ ಊಟಕ್ಕೆ ತಟ್ಟೆ ತರಲು ಎದ್ದೆ.